ರಾಂಟ್ಜೆನ್ ಊರುಗಳಲ್ಲಿ ಒಬ್ಬ ಎಕ್ಸ್‌ರೇ ಟೆಕ್ನಿಷಿಯನ್

ವೀಸಾ, ಟಿಕೆಟ್ ಕಥೆ ಬೇಡ. ಅದನ್ನೆಲ್ಲ ಮಗಳೇ ಮಾಡಿದಳು. ಅವಳು ಕೆಲಸದಲ್ಲಿರುವುದು ಫ್ರಾಂಕ್‌ಫರ್ಟ್ ಪಕ್ಕದ ಡಾರ್ಮ್‌ಸ್ಟಾಟ್‌ನಲ್ಲಿ. ಅಕ್ಟೋಬರ್‌ನಲ್ಲಿ ಬಾ, ಚಳಿ ಜಾಸ್ತಿ ಇರಲ್ಲ ಅಂದಳು. ಪ್ಯಾರಿಸ್, ಸ್ವಿಟ್ಜರ್ಲೆಂಡ್ ಅಂತ ಪಟ್ಟಿ ಬೇರೆ ಮಾಡಿಟ್ಟಿದ್ದಳು. ನಾನು ಮಲೆನಾಡಿನ ಒಂದು ತಾಲೂಕು ಆಸ್ಪತ್ರೆಯ ಕ್ಷ-ಕಿರಣ ವಿಭಾಗದಲ್ಲಿ ನಿವೃತ್ತಿಯಾಗುವ ತನಕ ಕೆಲಸ ಮಾಡಿದವಳು. ಐಫೆಲ್ ಟವರ್ ಟಿವಿಯಲ್ಲಿ ನೋಡಿದ್ದೇನೆ, ಸಾಕು. ನನ್ನ ಅನ್ನ ಹುಟ್ಟಿದ ಕೋಣೆ, ಅಂದರೆ ವುರ್ಟ್ಸ್‌ಬರ್ಗ್‌ನಲ್ಲಿ ವಿಜ್ಞಾನಿ ರಾಂಟ್ಜೆನ್ ಎಕ್ಸ್‌ರೇ ಕಂಡುಹಿಡಿದ ಜಾಗ ನೋಡಬೇಕು ಅಂದೆ. ಅವಳು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡು, ಆಮೇಲೆ ರೈಲಿನ ವೇಳಾಪಟ್ಟಿ ತೆಗೆದಳು.

ಮೊದಲ ದಿನ: ವುರ್ಟ್ಸ್‌ಬರ್ಗ್ ದಾರಿ

ಜರ್ಮನಿಯಲ್ಲಿ ತಿಂಗಳ ಪಾಸ್ ಒಂದಿದೆ. ದೇಶದ ಯಾವ ಊರಿನ ಬಸ್ಸು, ಟ್ರಾಮ್, ನಿಧಾನದ ರೈಲಿಗೂ ನಡೆಯುತ್ತದೆ. ವೇಗದ ರೈಲಿಗೆ ನಡೆಯಲ್ಲ. ನಮಗೆ ಅವಸರ ಇರಲಿಲ್ಲವಾದ್ದರಿಂದ ಅದನ್ನೇ ತೆಗೆದುಕೊಂಡೆವು. ಇದು ಚಂದಾ ತರಹದ್ದು. ತಿಂಗಳ 10ನೇ ತಾರೀಕಿನ ಒಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ದುಡ್ಡೂ ಹೋಗುತ್ತದೆ, ನೆನಪಿಟ್ಟುಕೊಳ್ಳಿ.

ಆಶಾಫೆನ್‌ಬರ್ಗ್ ದಾಟಿದ ಮೇಲೆ ಸ್ಪೆಸಾರ್ಟ್ ಕಾಡು. ಬೀಚ್ ಮರಗಳು ಅರ್ಧ ಹಸಿರು, ಅರ್ಧ ತಾಮ್ರದ ಬಣ್ಣ. ಕಾಡು ಮುಗಿದ ಮೇಲೆ ಮೈನ್ ನದಿ ಪಕ್ಕಕ್ಕೆ ಬಂದು ಕೂತುಕೊಳ್ಳುತ್ತದೆ. ವುರ್ಟ್ಸ್‌ಬರ್ಗ್ ಸಮೀಪ ಬಂದ ಹಾಗೆ ಗುಡ್ಡದ ತುಂಬ ದ್ರಾಕ್ಷಿ ಸಾಲು. ಎಲೆಗಳೆಲ್ಲ ಹಳದಿ. ರೈಲು ನಿಲ್ದಾಣದ ಬೆನ್ನಿಗೇ ಒಂದು ದ್ರಾಕ್ಷಿ ಗುಡ್ಡ ಇದೆ, ಷ್ಟೈನ್ ಅಂತ ಹೆಸರು.

ಸಂಜೆ ಹಳೇ ಸೇತುವೆಗೆ ಹೋದೆವು. ಎರಡೂ ಕಡೆ ಕಲ್ಲಿನ ಸಂತರು, ಮೇಲೆ ಮರಿಯೆನ್‌ಬರ್ಗ್ ಕೋಟೆ, ಕೆಳಗೆ ನದಿ. ಊರಿನವರೆಲ್ಲ ಕೈಯಲ್ಲಿ ವೈನ್ ಗ್ಲಾಸ್ ಹಿಡಿದು ಸೇತುವೆ ಮೇಲೆ ಸುಮ್ನೆ ನಿಂತಿರುತ್ತಾರೆ. ಗ್ಲಾಸಿಗೆ ಠೇವಣಿ ಕೊಡಬೇಕು, ವಾಪಸ್ ಕೊಟ್ಟಾಗ ದುಡ್ಡು ಬರುತ್ತದೆ. ಮಗಳು ಸಿಲ್ವಾನರ್ ಅನ್ನುವ ಬಿಳಿ ವೈನ್ ತಗೊಂಡಳು. ನಾನು ದ್ರಾಕ್ಷಿ ರಸ. ಪಕ್ಕದಲ್ಲಿ ನಿಂತಿದ್ದ ಅಜ್ಜ ನನ್ನ ಸೀರೆ ನೋಡಿ ಮಾತಿಗೆ ಬಂದರು. ಯಾತಕ್ಕೆ ಬಂದಿದ್ದೀರಿ ಅಂತ ಕೇಳಿದರು. ಮಗಳು ಹೇಳಿದಳು. ಅವರು ಜೋರಾಗಿ ನಕ್ಕು, ಇಲ್ಲಿಗೆ ಬರುವವರೆಲ್ಲ ಅರಮನೆ ನೋಡಲು ಬರುತ್ತಾರೆ, ನೀವು ಒಂದು ಕಾರಿಡಾರ್ ನೋಡಲು ಬಂದಿದ್ದೀರಲ್ಲ ಅಂದರು. ಆಮೇಲೆ ಗಂಭೀರವಾದರು. 1945ರ ಮಾರ್ಚ್ 16ರ ರಾತ್ರಿ ಬಾಂಬು ಬಿದ್ದು ಈ ಊರಿನ ಬಹುಪಾಲು ಇಪ್ಪತ್ತು ನಿಮಿಷದಲ್ಲಿ ಸುಟ್ಟುಹೋಯಿತಂತೆ. ಆಗ ಅವರಮ್ಮ ಇನ್ನೂ ಹುಡುಗಿ, ಪಕ್ಕದ ಹಳ್ಳಿಯಿಂದ ಆಕಾಶ ಕೆಂಪಾಗಿದ್ದು ನೋಡಿದ್ದರಂತೆ. ನಾವು ನೋಡುತ್ತಿದ್ದ ಹಳೇ ಊರೆಲ್ಲ ಮತ್ತೆ ಕಟ್ಟಿದ್ದು.

ಎರಡನೇ ದಿನ: ರಾಂಟ್ಜೆನ್ ರಿಂಗ್ 8

ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆಯೂ ಇಲ್ಲ. ಆಗ ಪ್ಲೈಖರ್‌ರಿಂಗ್ ಅಂತಿದ್ದ ರಸ್ತೆ ಈಗ ರಾಂಟ್ಜೆನ್ ಹೆಸರಿನಲ್ಲೇ ಇದೆ. ಹಳೇ ಫಿಸಿಕ್ಸ್ ಸಂಸ್ಥೆಯ ಕಟ್ಟಡ, ಈಗ ತಾಂತ್ರಿಕ ವಿಶ್ವವಿದ್ಯಾಲಯದ ಕೈಲಿದೆ. ಹೊರಗೆ ಗೋಡೆಯ ಮೇಲೆ ಫಲಕ: ಈ ಮನೆಯಲ್ಲಿ 1895ರಲ್ಲಿ ರಾಂಟ್ಜೆನ್ ಕಿರಣಗಳ ಶೋಧ ಆಯಿತು ಅಂತ. ಒಳಗೆ ಹೋಗಲು ದುಡ್ಡು ಕೊಡಬೇಕಾಗಿಲ್ಲ. ಕಾಲೇಜು ತೆರೆದಿರುವ ದಿನ ಹೋಗಬೇಕು ಅಷ್ಟೇ. ನಾವು ಹೋದಾಗ ಹುಡುಗರು ಬ್ಯಾಗು ನೇತುಹಾಕಿಕೊಂಡು ನಮ್ಮ ಪಕ್ಕದಲ್ಲೇ ಓಡಾಡುತ್ತಿದ್ದರು. ಯಾರೂ ತಿರುಗಿ ನೋಡಲಿಲ್ಲ.

ಗಾಜಿನ ಹಿಂದೆ ಹೆಚ್ಚು ವೋಲ್ಟೇಜ್ ಹುಟ್ಟಿಸುವ ದೊಡ್ಡ ಇಂಡಕ್ಷನ್ ಕಾಯಿಲ್, ಗಾಳಿ ತೆಗೆದ ಗಾಜಿನ ಕೊಳವೆಗಳು, ನಿರ್ವಾತದ ಪಂಪು. ನಾನು ಬಹಳ ಹೊತ್ತು ಅಲ್ಲೇ ನಿಂತೆ. ಇವತ್ತಿನ ಎಕ್ಸ್‌ರೇ ಟ್ಯೂಬಿನೊಳಗೆ ನಡೆಯುವ ಕೆಲಸವೂ ಮೂಲದಲ್ಲಿ ಇದೇ. ವೇಗವಾಗಿ ಓಡುವ ಎಲೆಕ್ಟ್ರಾನ್‌ಗಳು ಎದುರಿಗೆ ಸಿಕ್ಕ ವಸ್ತುವಿಗೆ ಡಿಕ್ಕಿ ಹೊಡೆದು ತಟ್ಟನೆ ನಿಲ್ಲುತ್ತವೆ. ಆ ಶಕ್ತಿಯಲ್ಲಿ ಬಹುಪಾಲು ಬಿಸಿಯಾಗಿ ಹೋಗುತ್ತದೆ, ಚೂರು ಪಾಲು ಎಕ್ಸ್‌ರೇ ಆಗುತ್ತದೆ.

1895ರ ನವೆಂಬರ್ 8, ಶುಕ್ರವಾರ. ರಾಂಟ್ಜೆನ್‌ಗೆ ಆಗ ಐವತ್ತು ವರ್ಷ. ಕೊಳವೆಯನ್ನು ಕಪ್ಪು ರಟ್ಟಿನಿಂದ ಪೂರ್ತಿ ಮುಚ್ಚಿ, ಕೋಣೆ ಕತ್ತಲು ಮಾಡಿ, ಕರೆಂಟ್ ಬಿಟ್ಟರು. ಬೆಳಕು ಹೊರಗೆ ಬರುವ ಹಾಗೇ ಇರಲಿಲ್ಲ. ಆದರೂ ಸ್ವಲ್ಪ ದೂರದಲ್ಲಿ ಬೇರಿಯಂ ಪ್ಲಾಟಿನೋಸಯನೈಡ್ ಅನ್ನುವ, ಕಿರಣ ತಾಗಿದರೆ ಹೊಳೆಯುವ ರಾಸಾಯನಿಕ ಬಳಿದ ಒಂದು ಕಾಗದ ಮಿನುಗಿತು. ಎರಡು ಮೀಟರ್ ದೂರ ಇಟ್ಟರೂ ಮಿನುಗಿತು. ಆಗ ಗೊತ್ತಿದ್ದ ಕ್ಯಾಥೋಡ್ ಕಿರಣ, ಅಂದರೆ ಕೊಳವೆಯೊಳಗೆ ಓಡುವ ಎಲೆಕ್ಟ್ರಾನ್‌ಗಳ ಹರಿವು, ಗಾಳಿಯಲ್ಲಿ ಕೆಲವೇ ಸೆಂಟಿಮೀಟರ್ ಹೋಗುತ್ತಿತ್ತು. ಅಂದರೆ ಇದು ಬೇರೆ ಏನೋ.

ಇಲ್ಲಿ ನನಗೆ ಇಷ್ಟವಾಗುವುದು ಆ ಮಿನುಗು ಅಲ್ಲ, ಆಮೇಲಿನ ಏಳು ವಾರ. ಅವರ ಮನೆ ಇದೇ ಕಟ್ಟಡದ ಮೇಲಿನ ಮಹಡಿ. ರಾತ್ರಿ ಊಟಕ್ಕೆ ತಡವಾಗಿ ಬಂದು, ಮಾತಾಡದೆ ತಿಂದು, ಮತ್ತೆ ಕೆಳಗಿಳಿದು ಹೋಗುತ್ತಿದ್ದರು ಅಂತ ಹೇಳುತ್ತಾರೆ. ಎಷ್ಟೋ ದಿನ ಊಟ, ನಿದ್ದೆ ಎಲ್ಲ ಲ್ಯಾಬಿನಲ್ಲೇ. ಯಾರಿಗೂ ಹೇಳಲಿಲ್ಲ. ಸಾವಿರ ಪುಟದ ಪುಸ್ತಕ ಅಡ್ಡ ಇಟ್ಟು ನೋಡಿದರು, ಇಸ್ಪೀಟು ಕಟ್ಟು ಇಟ್ಟರು, ಮರದ ಹಲಗೆ, ತವರದ ಹಾಳೆ, ಅಲ್ಯುಮಿನಿಯಂ ಇಟ್ಟರು. ಎಲ್ಲವನ್ನೂ ತೂರಿಕೊಂಡು ಹೋಯಿತು. ಒಂದೂವರೆ ಮಿಲಿಮೀಟರ್ ಸೀಸ ಇಟ್ಟರು, ನಿಂತಿತು. ನಾವು ಇವತ್ತಿಗೂ ಸೀಸದ ಏಪ್ರನ್ ಹಾಕಿಕೊಳ್ಳುವುದಕ್ಕೆ ಬೇರು ಆ ಒಂದು ಪರೀಕ್ಷೆಯಲ್ಲಿದೆ. ಆ ಹೊತ್ತಿನಲ್ಲಿ ನಿಮಗೆ ಏನನ್ನಿಸಿತು ಅಂತ ಆಮೇಲೆ ಪತ್ರಕರ್ತನೊಬ್ಬ ಕೇಳಿದ್ದಕ್ಕೆ ಅವರ ಉತ್ತರ, ನಾನು ಯೋಚಿಸಲಿಲ್ಲ, ಪರೀಕ್ಷೆ ಮಾಡಿದೆ ಅಂತ. ನಮ್ಮ ಹೊಸ ಹುಡುಗರಿಗೆ ಇದನ್ನು ಬರೆದು ಅಂಟಿಸಬೇಕು ಅನ್ನಿಸಿತು.

ಡಿಸೆಂಬರ್ 22ರಂದು ಹೆಂಡತಿ ಬರ್ತಾ ಅವರನ್ನು ಕೆಳಗೆ ಕರೆದರು. ಕೈಯನ್ನು ಫೋಟೋ ಪ್ಲೇಟಿನ ಮೇಲೆ ಇಡಿಸಿ ಹದಿನೈದು ನಿಮಿಷ ಕಿರಣ ಬಿಟ್ಟರು. ಹದಿನೈದು ನಿಮಿಷ! ನಾವು ಕೈಯ ಎಕ್ಸ್‌ರೇ ತೆಗೆಯುವುದು ಕಣ್ಣು ಮಿಟುಕಿಸುವುದರೊಳಗೆ. ಅಷ್ಟರಲ್ಲೇ ನಮ್ಮ ಪೇಷಂಟ್‌ಗಳು ಅಲ್ಲಾಡುತ್ತಾರೆ. ಆ ಅಮ್ಮ ಎಷ್ಟು ತಾಳ್ಮೆಯವರು ಇರಬೇಕು. ಚಿತ್ರದಲ್ಲಿ ಮೂಳೆ, ಬೆರಳಿನ ಮೇಲೆ ದಪ್ಪ ಉಂಗುರ. ನಮ್ಮಲ್ಲಾದರೆ ಉಂಗುರ, ಬಳೆ ಬಿಚ್ಚಿಸದೆ ಒಳಗೇ ಬಿಡಲ್ಲ. ಎದೆಯ ಎಕ್ಸ್‌ರೇಗೆ ತಾಳಿ ತೆಗೆಯಿರಿ ಅಂದರೆ ಹೆಂಗಸರು ತೆಗೆಯುವುದಿಲ್ಲ, ಬಾಯಲ್ಲಿ ಕಚ್ಚಿ ಹಿಡಿದು ನಿಲ್ಲುತ್ತಾರೆ. ಹಾಗೆ ತೆಗೆದ ಫಿಲಂಗಳಿಗೆ ಲೆಕ್ಕವೇ ಇಲ್ಲ. ಇದನ್ನು ಮಗಳಿಗೆ ಹೇಳಿದೆ. ಪಕ್ಕದಲ್ಲಿದ್ದ ಇಬ್ಬರು ವಿದ್ಯಾರ್ಥಿಗಳು ಯಾಕೆ ನಗುತ್ತಿದ್ದೀರಿ ಅಂತ ಕೇಳಿದರು. ಅವರಿಗೆ ತಾಳಿ ಅಂದರೇನು ಅಂತ ವಿವರಿಸುವಷ್ಟರಲ್ಲಿ ಅವರ ಕ್ಲಾಸಿಗೆ ಹೊತ್ತಾಯಿತು.

ಡಿಸೆಂಬರ್ 28ಕ್ಕೆ ಹತ್ತು ಪುಟದ ಲೇಖನ ಇದೇ ಊರಿನ ವಿಜ್ಞಾನಿಗಳ, ವೈದ್ಯರ ಸಂಘಕ್ಕೆ ಕೊಟ್ಟರು. ಜನವರಿ 1ಕ್ಕೆ ಬೇರೆ ವಿಜ್ಞಾನಿಗಳಿಗೆ ಚಿತ್ರದ ಜೊತೆ ಅಂಚೆಗೆ ಹಾಕಿದರು. 5ನೇ ತಾರೀಕಿಗೆ ವಿಯೆನ್ನಾ ಪತ್ರಿಕೆಯಲ್ಲಿ ಬಂತು, 13ಕ್ಕೆ ಬರ್ಲಿನ್‌ನಲ್ಲಿ ಚಕ್ರವರ್ತಿಯ ಎದುರು ಪ್ರದರ್ಶನ. ಜನವರಿ 23ಕ್ಕೆ ಇದೇ ಕಟ್ಟಡದ ಉಪನ್ಯಾಸ ಕೋಣೆಯಲ್ಲಿ ಊರಿನವರಿಗೆ ತೋರಿಸಿದರು. ಅಲ್ಲಿ ವಯಸ್ಸಾದ ಅಂಗರಚನಾ ತಜ್ಞ ಕೋಲಿಕರ್ ಅವರ ಕೈಯ ಚಿತ್ರ ತೆಗೆದರು. ಇವಕ್ಕೆ ರಾಂಟ್ಜೆನ್ ಕಿರಣ ಅಂತಲೇ ಹೆಸರಿಡೋಣ ಅಂತ ಎದ್ದು ನಿಂತು ಹೇಳಿದವರೂ ಅವರೇ. ಜರ್ಮನಿಯಲ್ಲಿ ಈಗಲೂ ಅದೇ ಹೆಸರು. ಆಸ್ಪತ್ರೆ ಬೋರ್ಡಿನಲ್ಲಿ ಎಕ್ಸ್‌ರೇ ಅಂತ ಹುಡುಕಿದರೆ ಸಿಗಲ್ಲ.

ಮಧ್ಯಾಹ್ನ ಚೀಸ್ ಹಾಕಿದ ಷ್ಪೆಟ್ಸ್‌ಲೆ, ಅಂದರೆ ದಪ್ಪ ಶಾವಿಗೆಯಂಥದ್ದು, ತಿಂದೆವು. ಮೇಲೆ ಹುರಿದ ಈರುಳ್ಳಿ, ಹೊಟ್ಟೆ ಭಾರ. ಅಜ್ಜನ ಮಾತು ಯಾಕೆ ಮೀರಬೇಕು ಅಂತ ಅರಮನೆಗೂ ಹೋದೆವು. ಟಿಯೆಪೊಲೊ ಬರೆದ ಛಾವಣಿ ಚಿತ್ರದಲ್ಲಿ ಏಷ್ಯಾ ಖಂಡ ಆನೆ ಮೇಲೆ ಕೂತಿದೆ. ಕತ್ತು ನೋವು ಬಂತು. ಅಷ್ಟು ಸಾಕು.

ವಾಪಸ್ ರೈಲಿನಲ್ಲಿ ಒಂದು ಫಜೀತಿ. ಅಕ್ಟೋಬರ್‌ನಲ್ಲಿ ಇಲ್ಲಿ ಫೆಡರ್‌ವೈಸರ್ ಅಂತ ಇನ್ನೂ ಹುದುಗುತ್ತಿರುವ ಹೊಸ ವೈನ್ ಸಿಗುತ್ತದೆ. ಒಳಗೆ ಗ್ಯಾಸ್ ಆಗುತ್ತಲೇ ಇರುವುದರಿಂದ ಮುಚ್ಚಳ ಬಿಗಿಯಾಗಿ ಹಾಕುವುದಿಲ್ಲ. ಬಾಟಲಿ ನೆಟ್ಟಗೇ ಹಿಡಿಯಬೇಕು. ಮಗಳು ಬ್ಯಾಗಿನಲ್ಲಿ ಮಲಗಿಸಿದ್ದಳು. ಆಶಾಫೆನ್‌ಬರ್ಗ್ ಬರುವಷ್ಟರಲ್ಲಿ ನನ್ನ ಸ್ವೆಟರ್, ಎರಡು ಬ್ಲೌಸು ವೈನ್ ಕುಡಿದಿದ್ದವು. ಇಡೀ ಬೋಗಿಯಲ್ಲಿ ಹುಳಿ ವಾಸನೆ. ಎದುರಿಗೆ ಕೂತಿದ್ದ ಹೆಂಗಸು ಒಂದು ಮಾತಾಡದೆ ತನ್ನ ಚೀಲದಿಂದ ಟಿಶ್ಯೂ ಪ್ಯಾಕೆಟ್ ಪೂರ್ತಿ ತೆಗೆದು ಕೊಟ್ಟಳು.

ಮೂರನೇ ದಿನ: ಗೀಸನ್

ಡಾರ್ಮ್‌ಸ್ಟಾಟ್‌ನಿಂದ ಫ್ರಾಂಕ್‌ಫರ್ಟ್‌ಗೆ ಹೋಗುವ ಲೋಕಲ್ ರೈಲು ವಿಕ್ಸ್‌ಹೌಸನ್ ಅನ್ನುವ ಕಡೆ ನಿಲ್ಲುತ್ತದೆ. ಅಲ್ಲಿ ಪರಮಾಣು ಸಂಶೋಧನಾ ಕೇಂದ್ರ ಇದೆ. 1994ರಲ್ಲಿ ಬಿಸ್ಮತ್ ಲೋಹಕ್ಕೆ ನಿಕ್ಕಲ್ ಪರಮಾಣುಗಳನ್ನು ಡಿಕ್ಕಿ ಹೊಡೆಸಿ 111ನೇ ಧಾತುವಿನ ಮೂರೇ ಮೂರು ಪರಮಾಣು ಮಾಡಿದ್ದು ಅಲ್ಲೇ. ಅದಕ್ಕೆ ರಾಂಟ್ಜೆನಿಯಂ ಅಂತ ಹೆಸರಿಟ್ಟರು. ದಿನಾ ಇದೇ ದಾರಿಯಲ್ಲಿ ಓಡಾಡುವ ಮಗಳಿಗೆ ಅದು ಗೊತ್ತೇ ಇರಲಿಲ್ಲ.

ರಾಂಟ್ಜೆನ್ ಸಮಾಧಿ ಇರುವ ಗೀಸನ್ ನೋಡಲು ಅಂಥ ಚೆಂದದ ಊರಲ್ಲ. ಇದೂ ಯುದ್ಧದಲ್ಲಿ ಸುಟ್ಟ ಊರು, ಆಮೇಲೆ ಕಾಂಕ್ರೀಟಿನಲ್ಲಿ ಎದ್ದದ್ದು. ಪೇಟೆಗೆ ಹೋಗುವಾಗ ದೊಡ್ಡ ತೂತುಗಳಿರುವ ಒಂದು ಪಾದಚಾರಿ ಸೇತುವೆ ಇದೆ. ಊರಿನವರು ಅದನ್ನು ಕರೆಯುವುದು ಆನೆ ಕಕ್ಕಸು ಅಂತ. ದಾರಿ ಕೇಳಿದವರೆಲ್ಲ ನಾಚಿಕೆ ಇಲ್ಲದೆ ಹಾಗೇ ಹೇಳಿದರು.

ಹಳೇ ಸ್ಮಶಾನ ಮಾತ್ರ ತಂಪು ಜಾಗ. ಈಗ ಅದು ಪಾರ್ಕಿನ ಹಾಗೇ ಇದೆ, ದೊಡ್ಡ ದೊಡ್ಡ ಮರ. ರಾಂಟ್ಜೆನ್ 1879ರಿಂದ 1888ರ ತನಕ ಈ ಊರಿನಲ್ಲಿ ಪ್ರೊಫೆಸರ್ ಆಗಿದ್ದರು. ಸತ್ತದ್ದು ಮ್ಯೂನಿಕ್‌ನಲ್ಲಿ, 1923ರ ಫೆಬ್ರವರಿ 10ರಂದು. ಆದರೆ ಅಪ್ಪ ಅಮ್ಮ, ಮೊದಲೇ ಹೋದ ಬರ್ತಾ ಮಲಗಿರುವುದು ಇಲ್ಲೇ, ರಾಂಟ್ಜೆನ್ ಬೂದಿಯೂ ಇಲ್ಲಿಗೇ ಬಂತು. ನಾಯಿ ಕರೆದುಕೊಂಡು ಬಂದಿದ್ದ ಒಬ್ಬರು ನಮಗೆ ಸಮಾಧಿ ತನಕ ದಾರಿ ತೋರಿಸಿದರು. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವರಂತೆ. ಹೋಗುವಾಗ ಒಂದು ಕಥೆ ಹೇಳಿದರು. ರಾಂಟ್ಜೆನ್‌ರನ್ನು ಹುಡುಗನಾಗಿದ್ದಾಗ ಹಾಲೆಂಡಿನ ಉಟ್ರೆಕ್ಟ್‌ನಲ್ಲಿ ಶಾಲೆಯಿಂದ ಹೊರಹಾಕಿದ್ದರು. ಯಾರೋ ಮೇಷ್ಟ್ರ ವ್ಯಂಗ್ಯಚಿತ್ರ ಬರೆದಿದ್ದ, ಇವರು ಅವನ ಹೆಸರು ಹೇಳಲಿಲ್ಲ. ಹಾಗಾಗಿ ವಿಶ್ವವಿದ್ಯಾಲಯಕ್ಕೆ ಬೇಕಾದ ಸರ್ಟಿಫಿಕೇಟೇ ಇರಲಿಲ್ಲ. ಕೊನೆಗೆ ಪ್ರವೇಶ ಪರೀಕ್ಷೆ ಆಧಾರದ ಮೇಲೆ ಸೇರಿಸಿಕೊಳ್ಳುತ್ತಿದ್ದ ಜ್ಯೂರಿಕ್‌ನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದರು. "ನಾನು ಮೇಷ್ಟ್ರಾಗಿ ಈ ಕಥೆ ಮಕ್ಕಳಿಗೆ ಯಾವತ್ತೂ ಹೇಳಲಿಲ್ಲ" ಅಂತ ನಕ್ಕರು.

ಸಮಾಧಿ ಮುಂದೆ ನನಗೆ ಸ್ವಲ್ಪ ಸಿಟ್ಟೂ ಬಂತು, ನಿಜ ಹೇಳಬೇಕೆಂದರೆ. ತನ್ನ ವಿಜ್ಞಾನದ ಕಾಗದ ಪತ್ರಗಳನ್ನೆಲ್ಲ ಸುಟ್ಟುಬಿಡಿ ಅಂತ ಬರೆದಿಟ್ಟರು, ಸುಟ್ಟರು. ಆ ಶುಕ್ರವಾರದ ರಾತ್ರಿ ನಿಜಕ್ಕೂ ಏನೇನು ಆಯಿತು, ಯಾವ ಕೊಳವೆ ಇಟ್ಟಿದ್ದರು ಅನ್ನುವುದಕ್ಕೆ ಅವರ ಕೈಬರಹವೇ ಉಳಿದಿಲ್ಲ. ಆದರೆ ಇನ್ನೊಂದು ಕಡೆ ನೋಡಿ. ಪೇಟೆಂಟ್ ತಗೊಳ್ಳಲಿಲ್ಲ. ಹೆಸರಿನ ಮುಂದೆ ಹಾಕಿಕೊಳ್ಳಲು ಕೊಟ್ಟ ಕುಲೀನ ಪದವಿ ಬೇಡ ಅಂದರು. 1901ರ ಮೊಟ್ಟಮೊದಲ ಫಿಸಿಕ್ಸ್ ನೊಬೆಲ್ ಇವರಿಗೆ ಬಂತು, ಆ ದುಡ್ಡನ್ನು ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಮೊದಲ ಮಹಾಯುದ್ಧದ ನಂತರದ ಹಣದುಬ್ಬರದಲ್ಲಿ ಅದೆಲ್ಲ ಕರಗಿಹೋಯಿತು. 1896ರ ಒಂದೇ ವರ್ಷದಲ್ಲಿ ಎಕ್ಸ್‌ರೇ ಬಗ್ಗೆ ಸಾವಿರಕ್ಕೂ ಹೆಚ್ಚು ಲೇಖನ ಬಂದವು. ಶೋಧಿಸಿದವರು ಮಾತ್ರ ಒಟ್ಟು ಮೂರೇ ಲೇಖನ ಬರೆದು ಬೇರೆ ಕೆಲಸಕ್ಕೆ ಹೋದರು.

ನಾಲ್ಕನೇ ದಿನ: ಲೆನ್ನೆಪ್

ಗೀಸನ್‌ನಿಂದ ಸೀಗನ್, ಹಾಗನ್, ವುಪ್ಪರ್ಟಾಲ್ ಅಂತ ರೈಲು ಬದಲಿಸುತ್ತ ಉತ್ತರಕ್ಕೆ. ಮಧ್ಯೆ ಹಳಿ ರಿಪೇರಿ ಅಂತ ಒಂದು ಕಡೆ ಇಳಿಸಿ ಬಸ್ಸು ಹತ್ತಿಸಿದರು. ಮಳೆ ಸುರಿಯುತ್ತಿತ್ತು. ಬಸ್ಸು ಎಲ್ಲಿ ನಿಲ್ಲುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಸೂಟ್‌ಕೇಸ್ ಎಳೆದುಕೊಂಡು ಜನವೆಲ್ಲ ಒಬ್ಬನ ಹಿಂದೆ ಹೋದೆವು. ಅವನು ಮನೆಗೆ ಹೋಗುತ್ತಿದ್ದ. ವುಪ್ಪರ್ಟಾಲ್‌ನಲ್ಲಿ ನದಿಯ ಮೇಲೆ ಕಂಬಿಯಿಂದ ಕೆಳಗೆ ನೇತಾಡುವ ರೈಲು ಇದೆ, ಅದೂ 1901ರದ್ದೇ. ಒಂದು ಸುತ್ತು ಹೋಗಿ ಬಂದೆವು. ನಮ್ಮ ಪಾಸ್ ಅದಕ್ಕೂ ನಡೆಯಿತು.

ರಾಂಟ್ಜೆನ್ 1845ರ ಮಾರ್ಚ್ 27ರಂದು ಹುಟ್ಟಿದ ಲೆನ್ನೆಪ್ ಈಗ ರೆಮ್‌ಶೈಡ್ ನಗರದ ಒಂದು ಭಾಗ. ಆಗ ಬಟ್ಟೆ ನೇಯುವ ಊರು, ಅಪ್ಪನದ್ದೂ ಬಟ್ಟೆ ವ್ಯಾಪಾರ. ಮಗುವಿಗೆ ಮೂರು ವರ್ಷ ಆದಾಗ ಸಂಸಾರ ಹಾಲೆಂಡಿಗೆ ಹೋಯಿತು. ಮನೆಗಳ ಗೋಡೆಗೆಲ್ಲ ಕಪ್ಪು ಸ್ಲೇಟು ಕಲ್ಲಿನ ಹೊದಿಕೆ, ಬಿಳಿ ಕಿಟಕಿ ಚೌಕಟ್ಟು, ಹಸಿರು ಬಾಗಿಲು. ಸ್ಲೇಟು ಯಾಕೆ ಅಂತ ಕೇಳಬೇಕಾಗಲಿಲ್ಲ. ಮಳೆ ನಿಲ್ಲಲೇ ಇಲ್ಲ, ಆಷಾಢದ ತೀರ್ಥಹಳ್ಳಿಯ ಹಾಗೆ. ಅಂಥ ಮಳೆಯಲ್ಲಿ ನಮ್ಮ ಡಾರ್ಕ್ ರೂಮಿನ ಫಿಲಂ ಒಣಗುತ್ತಿರಲಿಲ್ಲ. ಡೆವಲಪರ್, ನೀರು, ಫಿಕ್ಸರ್, ಮತ್ತೆ ನೀರು, ಆಮೇಲೆ ಹ್ಯಾಂಗರಿಗೆ ಸಿಕ್ಕಿಸಿ ಫ್ಯಾನ್ ಕೆಳಗೆ. ಕರೆಂಟ್ ಹೋದರೆ ಮುಗಿಯಿತು. ನೀರು ತೊಟ್ಟಿಕ್ಕುವ ಫಿಲಂ ಹಿಡಿದುಕೊಂಡೇ ಜನ ಡಾಕ್ಟರ ಹತ್ತಿರ ಓಡುತ್ತಿದ್ದರು.

ಹುಟ್ಟಿದ ಮನೆ ಹೊರಗಿನಿಂದ ನೋಡಿದೆವು. 1932ರಿಂದ ಇರುವ ಮ್ಯೂಸಿಯಂ ಅಲ್ಲೇ ಕೆಲವು ಹೆಜ್ಜೆ ದೂರ. ಇದಕ್ಕೆ ಅರ್ಧ ದಿನ ಬೇಕು, ಅವಸರ ಮಾಡಬೇಡಿ. ಹಳೇ ಟ್ಯೂಬುಗಳು ಒಂದೊಂದೂ ಗಾಜು ಊದುವವರ ಕೈಚಳಕ. ನನ್ನ ಮನಸ್ಸು ನಿಂತದ್ದು ರಾಂಟ್ಜೆನ್ ಮಾಡಿಸಿಕೊಂಡ ಸತು ತಗಡಿನ ಪೆಟ್ಟಿಗೆಯ ವಿಷಯದಲ್ಲಿ. ಮನುಷ್ಯ ಒಳಗೆ ನಿಲ್ಲುವಷ್ಟು ದೊಡ್ಡದು. ಟ್ಯೂಬಿನ ಕಡೆಯ ಗೋಡೆಗೆ ಸೀಸ ಹೊದಿಸಿದ್ದರು. ಪ್ರಯೋಗ ಕೆಡದಿರಲಿ ಅಂತ ಮಾಡಿಸಿದ್ದು ಅದು. ಕಿರಣದಿಂದ ಮೈಗೆ ಅಪಾಯ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಆದರೂ ಅದೇ ಪೆಟ್ಟಿಗೆ ಅವರನ್ನು ಕಾಪಾಡಿತು ಅನ್ನಬೇಕು. ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. ಅಮೆರಿಕದಲ್ಲಿ ಎಡಿಸನ್ ಹತ್ತಿರ ಕೆಲಸಕ್ಕಿದ್ದ ಕ್ಲಾರೆನ್ಸ್ ಡ್ಯಾಲಿ ದಿನಾ ತನ್ನ ಕೈಯನ್ನೇ ಟ್ಯೂಬಿನ ಕೆಳಗೆ ಇಟ್ಟು ಪರೀಕ್ಷೆ ಮಾಡುತ್ತಿದ್ದ. ಕೈ ಕತ್ತರಿಸಿದರು, ಉಳಿಯಲಿಲ್ಲ, 1904ರಲ್ಲಿ ತೀರಿಕೊಂಡ. ಎಡಿಸನ್ ಹೆದರಿ ಎಕ್ಸ್‌ರೇ ಕೆಲಸವನ್ನೇ ಬಿಟ್ಟರು.

ಹೊರಗೆ ಬಂದಾಗ ಕೈಕಾಲು ಮರಗಟ್ಟಿತ್ತು. ಒಂದು ಸಣ್ಣ ಕೆಫೆಗೆ ನುಗ್ಗಿದೆವು. ಈ ಸೀಮೆಯಲ್ಲಿ ಕಾಫಿ ಜೊತೆ ಅಚ್ಚಿನಲ್ಲಿ ಸುಟ್ಟ ದಪ್ಪ ದೋಸೆಯಂಥ ಬಿಸಿ ವಾಫಲ್, ಮೇಲೆ ಬಿಸಿ ಚೆರ್ರಿ, ಕೆನೆ, ಪಕ್ಕದಲ್ಲಿ ಹಾಲಿನಲ್ಲಿ ಬೇಯಿಸಿದ ಸಿಹಿ ಅನ್ನ. ಕಾಫಿ ಬರುವುದು ನಲ್ಲಿ ಇರುವ ತವರದ ಕೂಜದಲ್ಲಿ. ಪಕ್ಕದ ಮೇಜಿನ ಅಜ್ಜಿ ಅದನ್ನು ತಿರುಗಿಸುವುದು ಹೇಗೆ ಅಂತ ತೋರಿಸಿಕೊಟ್ಟರು. ಎಪ್ಪತ್ತು ದಾಟಿದವರು. ಮ್ಯೂಸಿಯಂಗೆ ಹೋಗಿದ್ದಿರಾ ಅಂತ ಕೇಳಿ, ತಮ್ಮ ಕಾಲು ತೋರಿಸಿದರು. ಸಣ್ಣವರಿದ್ದಾಗ ಶೂ ಅಂಗಡಿಯಲ್ಲಿ ಎಕ್ಸ್‌ರೇ ಪೆಟ್ಟಿಗೆ ಇರುತ್ತಿತ್ತಂತೆ. ಹೊಸ ಶೂ ಹಾಕಿಕೊಂಡು ಕಾಲು ಒಳಗೆ ತೂರಿಸಿ, ಮೇಲಿನ ಕಿಂಡಿಯಿಂದ ಬೆರಳಿನ ಮೂಳೆ ನೋಡುವುದು. "ನಾನು, ನನ್ನ ತಮ್ಮ ಬೆರಳು ಅಲ್ಲಾಡಿಸಿ ಅಲ್ಲಾಡಿಸಿ ನೋಡುತ್ತಿದ್ದೆವು. ಅಂಗಡಿಯವನು ಬೈಯುವ ತನಕ" ಅಂದರು. ನನಗೆ ಮೈ ಜುಂ ಅಂದಿತು. ಅವರಿಗೆ ಏನೂ ಆಗಲಿಲ್ಲ, ದೇವರ ದಯೆ. ಅಂಗಡಿಯವನು ದಿನವಿಡೀ ಆ ಪೆಟ್ಟಿಗೆ ಪಕ್ಕ ನಿಂತಿರುತ್ತಿದ್ದನಲ್ಲ, ನನ್ನ ಯೋಚನೆ ಅವನ ಕಡೆಗೆ ಹೋಯಿತು.

ಐದನೇ ದಿನ: ಹ್ಯಾಂಬರ್ಗ್

ಇಷ್ಟು ದೂರಕ್ಕೆ ನಿಧಾನದ ರೈಲು ಆಗದು ಅಂತ ವೇಗದ ರೈಲಿಗೆ ದುಡ್ಡು ಕೊಟ್ಟೆವು. ಮಗಳು ಹಡಗುಗಳ ಬಂದರು ನೋಡೋಣ ಅಂದಳು. ನೋಡೋಣ, ಮೊದಲು ಸೇಂಟ್ ಜಾರ್ಜ್ ಆಸ್ಪತ್ರೆ ಅಂದೆ. ಮುಖ್ಯ ನಿಲ್ದಾಣದಿಂದ ನಡೆದೇ ಹೋಗಬಹುದು.

ಆಸ್ಪತ್ರೆ ಆವರಣದ ಮರಗಳ ಮಧ್ಯೆ 1936ರಲ್ಲಿ ನಿಲ್ಲಿಸಿದ ಕಲ್ಲು ಅದು. ಎಕ್ಸ್‌ರೇ ಮತ್ತು ರೇಡಿಯಂ ಕೆಲಸದಲ್ಲಿ ಪ್ರಾಣ ಕೊಟ್ಟ ಎಲ್ಲ ದೇಶದವರ ಸ್ಮಾರಕ. ಶುರುವಿನಲ್ಲೇ ನೂರೈವತ್ತಕ್ಕಿಂತ ಜಾಸ್ತಿ ಹೆಸರಿತ್ತು, ಆಮೇಲೆ ಪಕ್ಕದಲ್ಲಿ ಕಲ್ಲು ಸೇರಿಸಿ ಹೆಸರು ಸೇರಿಸುತ್ತ ಹೋದರು. ಡಾಕ್ಟರುಗಳು ಮಾತ್ರ ಅಲ್ಲ, ಟೆಕ್ನಿಷಿಯನ್‌ಗಳು, ಲ್ಯಾಬಿನವರು, ಆಸ್ಪತ್ರೆ ಸಿಸ್ಟರ್‌ಗಳು. ಇದೇ ಆಸ್ಪತ್ರೆಯಲ್ಲಿ ಎಕ್ಸ್‌ರೇ ವಿಭಾಗ ಕಟ್ಟಿದ ಆಲ್ಬರ್ಸ್-ಶೋನ್‌ಬರ್ಗ್ ಹೆಸರು ನನಗೆ ಮೊದಲೇ ಗೊತ್ತಿತ್ತು. ಮೂಳೆ ಅಮೃತಶಿಲೆ ಹಾಗೆ ಬೆಳ್ಳಗೆ ಕಾಣುವ ಒಂದು ಕಾಯಿಲೆಗೆ ಅವರದೇ ಹೆಸರಿದೆ, ತರಬೇತಿಯಲ್ಲಿ ಬಾಯಿಪಾಠ ಮಾಡಿದ್ದೆ. ಅವರು ಎಡಗೈ ಕಳೆದುಕೊಂಡು 1921ರಲ್ಲಿ ಸತ್ತರು ಅನ್ನುವುದನ್ನು ಆಗ ಯಾರೂ ಹೇಳಿಕೊಟ್ಟಿರಲಿಲ್ಲ. ಪರೀಕ್ಷೆಗೆ ಅದು ಬರುತ್ತಿರಲಿಲ್ಲವಲ್ಲ.

ನಾನು ಹೆಸರುಗಳನ್ನು ಬೆರಳಿಟ್ಟು ಓದುತ್ತಿದ್ದೆ. ಹಿಂದಿನಿಂದ ಯಾರೋ ಸಹಾಯ ಬೇಕಾ ಅಂತ ಕೇಳಿದರು. ಬಿಳಿ ಅಂಗಿಯ ಹೆಂಗಸು, ಕೈಯಲ್ಲಿ ಕಾಫಿ ಲೋಟ, ಎದೆ ಮೇಲೆ ಮೈಗೆ ಎಷ್ಟು ಕಿರಣ ತಾಗಿತು ಅಂತ ಅಳೆಯುವ ಬ್ಯಾಡ್ಜು. ಆ ಬ್ಯಾಡ್ಜು ನೋಡಿದ ಕೂಡಲೇ ಗೊತ್ತಾಯಿತು ನಮ್ಮ ಜಾತಿಯವಳು ಅಂತ. ಮಗಳು ಮಧ್ಯೆ ನಿಂತು ಭಾಷೆ ಬದಲಿಸುತ್ತ ಹೋದಳು. ನಮ್ಮಲ್ಲಿ ಬ್ಯಾಡ್ಜು ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗುತ್ತದೆ ಅಂದೆ. ಇಲ್ಲಿ ತಿಂಗಳಿಗೊಮ್ಮೆ ಅಂದಳು. ದಿನಕ್ಕೆ ಎಷ್ಟು ಎದೆ ಎಕ್ಸ್‌ರೇ ತೆಗೆಯುತ್ತಿದ್ದೆ ಅಂತ ಕೇಳಿದಳು. ಟಿಬಿ ಕ್ಯಾಂಪ್ ಇದ್ದರೆ ನೂರು ದಾಟುತ್ತಿತ್ತು ಅಂದೆ.

"ಒಬ್ಬಳೇನಾ?"

"ಒಬ್ಬಳೇ. ಕರೆಂಟ್ ಇದ್ದರೆ."

ಅವಳು ಕಲ್ಲಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದಳು. ಮಗು ಅಲ್ಲಾಡಿದರೆ ಯಾರು ಹಿಡಿಯುತ್ತಿದ್ದರು ಅಂತ ಕೇಳಿದಳು. ಇದು ಕೆಲಸ ಗೊತ್ತಿದ್ದವರು ಮಾತ್ರ ಕೇಳುವ ಪ್ರಶ್ನೆ. ಅಪ್ಪನಿಗೆ ಏಪ್ರನ್ ಹಾಕಿ ಹಿಡಿಸುತ್ತಿದ್ದೆ, ಅಮ್ಮ ಬಸುರಿ ಇರಬಹುದು ಅಂತ ಅವಳನ್ನು ಹೊರಗೆ ಕಳಿಸುತ್ತಿದ್ದೆ ಅಂದೆ. ತಾನೂ ಹಾಗೇ ಮಾಡುವುದು ಅಂದಳು. ಅಷ್ಟರಲ್ಲಿ ಅವಳ ಜೇಬಿನ ಫೋನು ಬಡಿದುಕೊಂಡಿತು. ಹೋಗುತ್ತ ಹೋಗುತ್ತ, ಕ್ಯಾಂಟೀನು ಎಡಗಡೆ, ಹೊರಗಿನವರಿಗೂ ಕೊಡುತ್ತಾರೆ, ಆದರೆ ಒಂದೂವರೆ ಆದಮೇಲೆ ಆಲೂಗಡ್ಡೆ ಬಿಟ್ಟು ಏನೂ ಉಳಿದಿರಲ್ಲ ಅಂತ ಕೂಗಿ ಹೇಳಿದಳು. ಗಂಟೆ ನೋಡಿದರೆ ಒಂದೂಕಾಲು. ಬಂದರಿಗೆ ಆಮೇಲೆ ಹೋದರಾಯಿತು ಅಂತ ಆ ಕಡೆಗೇ ಬೇಗ ಬೇಗ ನಡೆದೆವು.